ಕುಡಿಯದ ಅತಿಥಿಗೆ ಟೀ

 

ಮೈಸೂರಿನ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಟೀ ಲಾಟೆಯನ್ನು ಈಗ ಹದಿನಾರಿನ ನಮ್ಮ ಮನೆಗಳಲ್ಲೂ ಮಕ್ಕಳು ಮಾಡತೊಡಗಿದ್ದಾರೆ. ಲಾಟೆ ಎಂದರೆ ಇಟಲಿಯ ಭಾಷೆಯಲ್ಲಿ ಹಾಲು, ಅಷ್ಟೇ. ಹಾಲು ಹಾಕಿದ ಟೀಯನ್ನು ನಾವು ಕುಡಿಯುತ್ತಲೇ ಇದ್ದೇವೆ, ವ್ಯತ್ಯಾಸ ಇರುವುದು ಮಾಡುವ ಬಗೆಯಲ್ಲಿ. ಎರಡು ಚಮಚ ಟೀಪುಡಿ, ಜಜ್ಜಿದ ಶುಂಠಿ ಹಾಕಿ ಒಂದು ಲೋಟ ನೀರಿನಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಬೇಕು. ಇನ್ನೊಂದು ಪಾತ್ರೆಯಲ್ಲಿ ಒಂದು ಲೋಟ ಹಾಲನ್ನು ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವವರೆಗೆ ಮಾತ್ರ ಕಾಯಿಸಬೇಕು, ಉಕ್ಕಿಸಬಾರದು. ಉಕ್ಕಿದರೆ ಕೆನೆ ಕಟ್ಟುತ್ತದೆ, ನೊರೆ ನಿಲ್ಲುವುದಿಲ್ಲ. ಯಂತ್ರ ಬೇಡ, ಮಜ್ಜಿಗೆ ಕಡೆಯುವ ಕಡೆಗೋಲು ಸಾಕು. ನೊರೆ ಬರುವುದು ಹಾಲಿನ ಪ್ರೋಟೀನಿನಿಂದ, ನುಣುಪು ಬರುವುದು ಕೊಬ್ಬಿನಿಂದ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಫುಲ್ ಕ್ರೀಮ್ ಹಾಲಿನಲ್ಲಿ ಶೇ. 6. ಟೀಯ ಒಗರನ್ನು ಹಾಲಿನ ಪ್ರೋಟೀನ್ ಹಿಡಿದುಕೊಳ್ಳುವುದರಿಂದ ನಾಲಿಗೆಗೆ ಹಿತ. ಹಾಲನ್ನೆಲ್ಲ ಡೇರಿಗೆ ಅಳೆದು ಬೆಲ್ಲದ ಕಪ್ಪು ಟೀ ಕುಡಿದು ಕೂಲಿಗೆ ಹೋದ ನಮ್ಮ ಹಿರಿಯರ ಮನೆಯಲ್ಲಿ ಇದು ಸಣ್ಣ ಸಂತೋಷವೇನಲ್ಲ.

ಆದರೆ ಬಳಗದ ಒಬ್ಬ ಉಪಾಸಿಕೆ ಕೇಳಿದ ಪ್ರಶ್ನೆ ಬೇರೆ. "ಇಷ್ಟು ಚೆನ್ನಾಗಿ ಟೀ ಮಾಡುವುದು ಕಲಿತೆವು ಅಣ್ಣ, ಮೇಲಿನ ಬೀದಿಯವರು ಕೆಲಸವಿದ್ದು ಮನೆಗೆ ಬಂದರೆ ಕೊಡಬೇಕೋ ಬೇಡವೋ?" ಅವರು ಏನು ಹೇಳುತ್ತಾರೆಂದು ನಮಗೆಲ್ಲ ಗೊತ್ತು. "ಈಗ ತಾನೇ ಕುಡಿದು ಬಂದೆ." ಬೆಳಿಗ್ಗೆ ಆರಕ್ಕೆ ಬಂದರೂ ಈಗ ತಾನೇ ಕುಡಿದಿರುತ್ತಾರೆ, ಸಂಜೆ ಆರಕ್ಕೆ ಬಂದರೂ ಈಗ ತಾನೇ!

ಮಿಲಿಂದ ರಾಜನಿಗೆ ಭಂತೆ ನಾಗಸೇನರು ರಥವನ್ನು ಬಿಚ್ಚಿ ತೋರಿಸಿದ ಹಾಗೆ ಈ ಟೀಯನ್ನೂ ಬಿಚ್ಚಿ ನೋಡೋಣ. ಮೈಲಿಗೆ ಎಲೆಯಲ್ಲಿದೆಯೇ? ನೀಲಗಿರಿಯಲ್ಲಿ, ಅಸ್ಸಾಮಿನಲ್ಲಿ ಎಲೆ ಕೀಳುವವರಲ್ಲಿ ದಲಿತ, ಆದಿವಾಸಿ ಹೆಣ್ಣುಮಕ್ಕಳೇ ಹೆಚ್ಚು. ಆ ಎಲೆಯೇ ಅವರ ಮನೆಯ ಡಬ್ಬಿಯಲ್ಲೂ ಇದೆ. ಸಕ್ಕರೆಯಲ್ಲಿದೆಯೇ? ಕಬ್ಬು ಕಡಿದ ಕೈ ಯಾರದು? ಹಾಲಂತೂ ಇನ್ನೂ ಸೊಗಸು. ನಮ್ಮ ಕೇರಿಯ ಹಸುವಿನ ಹಾಲು, ಅವರ ಬೀದಿಯ ಹಸುವಿನ ಹಾಲು ಎರಡೂ ಡೇರಿಯ ಒಂದೇ ಕ್ಯಾನಿಗೆ ಬೀಳುತ್ತವೆ. ಅಳೆಯುವವನು ನೋಡುವುದು ಕೊಬ್ಬು ಎಷ್ಟು, ನೀರು ಬೆರೆಸಿದೆಯೇ ಎಂದು. ಪ್ಯಾಕೆಟ್ಟಾಗಿ ಬಂದಾಗ ಆ ಹಾಲನ್ನು ಅವರೂ ಕುಡಿಯುತ್ತಾರೆ. ನನ್ನ ಹಸುವಿನ ಹಾಲು ಅವರಿಗೆ ಆಗುತ್ತದೆ, ನನ್ನ ಒಲೆ ಆಗುವುದಿಲ್ಲ. ಬಿಚ್ಚುತ್ತ ಹೋದರೆ ಲೋಟದಲ್ಲಿ ಮೈಲಿಗೆ ಎಲ್ಲೂ ಸಿಗುವುದಿಲ್ಲ. ಜಾತಿ ಎನ್ನುವುದು ಮನಸ್ಸಿನ ಒಂದು ಸ್ಥಿತಿ ಎಂದು ಬಾಬಾಸಾಹೇಬರು 1936ರಲ್ಲೇ ಬರೆದರಲ್ಲ, ಅದು ಇದೇ. ಬಿಚ್ಚಿದಾಗ ಸಿಗದಿದ್ದರೂ ರಥ ಓಡುತ್ತದೆ, ನಮ್ಮ ಮೇಲೆ ಹರಿದೂ ಹೋಗುತ್ತದೆ.

ಹೋಟೆಲಿನಲ್ಲಿ ಲೋಟ ಬೇರೆ ಇಟ್ಟರೆ ಸಂವಿಧಾನದ 17ನೇ ವಿಧಿ ಇದೆ, 1955ರ ಕಾಯ್ದೆ ಇದೆ, 1989ರ ಕಾಯ್ದೆ ಇದೆ. ಅಲ್ಲಿ ಸಮಚಿತ್ತ ಎಂದು ಸುಮ್ಮನೆ ಕೂರುವುದು ಧಮ್ಮವಲ್ಲ, ದೂರು ಕೊಡಬೇಕು. (ಈಗ ಎಲ್ಲರಿಗೂ ಪೇಪರ್ ಕಪ್ ಬಂದು ಎರಡು ಲೋಟದ ಜಗಳ ಮುಚ್ಚಿಹೋಗಿದೆ. ಮುಚ್ಚಿದೆ ಎಂದೆ, ಮುಗಿದಿದೆ ಎನ್ನಲಿಲ್ಲ.) ಆದರೆ ನನ್ನ ಮನೆಯ ಟೀಯನ್ನು ಒಬ್ಬರು ಕುಡಿಯಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ, ಹೇಳಲೂಬಾರದು. ಉಳಿದಿರುವುದು ನಾವು ಏನು ಮಾಡಬೇಕು ಎಂಬುದೊಂದೇ.

ಸಂಯುತ್ತ ನಿಕಾಯದ ಅಕ್ಕೋಸ ಸುತ್ತ ನೆನಪಿಸಿಕೊಳ್ಳಿ. ತನ್ನ ಕುಲದವನೊಬ್ಬ ಬುದ್ಧರ ಬಳಿ ಪಬ್ಬಜ್ಜೆ ಪಡೆದನೆಂದು ಸಿಟ್ಟಾದ ಭಾರದ್ವಾಜ ಬ್ರಾಹ್ಮಣ ರಾಜಗೃಹದ ವೇಣುವನಕ್ಕೆ ಬಂದು ಬೈಯುತ್ತಾನೆ. ಭಗವಾನರು ಕೇಳುತ್ತಾರೆ, ನಿನ್ನ ಮನೆಗೆ ನೆಂಟರು ಬರುತ್ತಾರೆಯೇ, ಊಟ ಬಡಿಸುತ್ತೀಯೇ, ಅವರು ಸ್ವೀಕರಿಸದಿದ್ದರೆ ಆ ಊಟ ಯಾರದು? ನನ್ನದೇ ಎನ್ನುತ್ತಾನೆ ಭಾರದ್ವಾಜ. ಹಾಗೆಯೇ ನಿನ್ನ ಬೈಗುಳವನ್ನು ನಾನು ಸ್ವೀಕರಿಸಲಿಲ್ಲ, ಅದು ನಿನ್ನದೇ ಎನ್ನುತ್ತಾರೆ ಭಗವಾನರು. ನಮ್ಮ ಜಗುಲಿಯಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಅವರು ಬೇಡವೆಂದ ಟೀ ನಮ್ಮದು, ಮಕ್ಕಳು ಹಂಚಿಕೊಂಡು ಕುಡಿಯಲಿ. ಆ "ಬೇಡ"ದೊಳಗೆ ಅವರು ಇಟ್ಟ ಅವಮಾನವನ್ನು ನಾವು ತೆಗೆದುಕೊಳ್ಳದಿದ್ದರೆ ಅದು ಅವರದು. ಹೇಳುವುದು ಸುಲಭ ಎಂದು ನನಗೂ ಗೊತ್ತು. ಬಡಿಸಿದ ಕೈ ಹೆಂಗಸರದು, ಮೊದಲು ಚುಚ್ಚುವುದು ಅವರಿಗೆ.

ಇನ್ನು ಆ ಸೋಡಾ ಬಾಟಲಿಯ ವಿಷಯ. ಇಂಥ ಅತಿಥಿಗಳಿಗಾಗಿಯೇ ಮುಚ್ಚಳ ತೆಗೆಯದ ತಂಪು ಪಾನೀಯವನ್ನೋ ಎಳನೀರನ್ನೋ ತಂದಿಡುವ ಮನೆಗಳು ನಮ್ಮಲ್ಲಿವೆ. ನಮ್ಮ ಕೈ ತಾಗದ್ದು ಎಂದು ಅವರು ಒಪ್ಪಿ ಕುಡಿಯುತ್ತಾರೆ. 2017ರಲ್ಲಿ ಚಿತ್ರದುರ್ಗದಲ್ಲಿ ರಾಜಕೀಯ ಮುಖಂಡರು ದಲಿತರ ಮನೆಯಲ್ಲಿ ತಿಂದ ಇಡ್ಲಿ ಹೋಟೆಲಿನಿಂದ ಬಂದಿತ್ತೆಂದು ಪತ್ರಿಕೆಗಳಲ್ಲಿ ವಿವಾದವಾಯಿತಲ್ಲ, ಅದರ ಸಣ್ಣ ರೂಪ ಇದು. ಬಳಗದಲ್ಲಿ ಒಬ್ಬರು ಇದನ್ನೇ ಮೈತ್ರಿ ಎಂದರು, ಬಂದವರು ಬರಿಗಂಟಲಲ್ಲಿ ಹೋಗಬಾರದು ಎಂದು. ನಾನು ಒಪ್ಪುವುದಿಲ್ಲ. ಮೈತ್ರಿ ಎಂದರೆ ಎದುರಿನವರ ಒಳಿತನ್ನು ಬಯಸುವುದು. ಅವರ ಮನಸ್ಸಿನ ಕೊಳೆಗೆ ನಮ್ಮ ದುಡ್ಡಿನಲ್ಲಿ ಬಾಟಲಿ ಕೊಂಡು ತಂದರೆ ಅವರಿಗೆ ಯಾವ ಒಳಿತಾಯಿತು? 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರೆಂದು ನಂಬುವುದೂ ಇದೆ, ಸಮಾನತೆಯನ್ನು ನೆಲೆಗೊಳಿಸಲು ಯತ್ನಿಸುವುದೂ ಇದೆ. ಎರಡನೆಯದು ಅಡುಗೆಮನೆಗೂ ಅನ್ವಯಿಸುತ್ತದೆ.

ಹಾಗಾಗಿ ನಾನು ಆ ಉಪಾಸಿಕೆಗೆ ಹೇಳಿದ್ದು ಇಷ್ಟು. ಕೊಡಿ. ನಾವು ಕುಡಿಯುವ ಲೋಟದಲ್ಲೇ, ನಾವು ಕುಡಿಯುವ ಟೀಯನ್ನೇ, ಒಂದು ಸಲ ಕೇಳಿ ಕೊಡಿ. ಬೇಡ ಎಂದರೆ ಬಲವಂತ ಬೇಡ, ಬದಲಿಗೆ ಇನ್ನೇನನ್ನೂ ತರಬೇಡಿ. ಕುಡಿದರೆ ಅದನ್ನು ಊರೆಲ್ಲ ಹೇಳಿಕೊಂಡು ತಿರುಗಬೇಡಿ. ಒಟ್ಟಿಗೆ ಉಂಡ ಮಾತ್ರಕ್ಕೆ ಜಾತಿ ಸಾಯುವುದಿಲ್ಲ ಎಂದೂ ಬಾಬಾಸಾಹೇಬರು ಅದೇ ಪುಸ್ತಕದಲ್ಲಿ ಬರೆದಿದ್ದಾರೆ.

"ನಮ್ಮ ಅತ್ತೆ ಬಾಟಲಿ ತರುವುದು ಬಿಡುವುದಿಲ್ಲ ಅಣ್ಣ" ಎಂದಳು. ಎಪ್ಪತ್ತು ದಾಟಿದ ಆ ತಾಯಿಗೆ ಪಾಠ ಹೇಳುವಷ್ಟು ಬಾಯಿ ನನಗಿಲ್ಲ. ಮುಂದಿನ ಭಾನುವಾರ ಅವರನ್ನೂ ಕರೆತರಲು ಹೇಳಿದ್ದೇನೆ. ಕಡೆಗೋಲು ಅವರ ಕೈಯಲ್ಲೇ ಇರಲಿ, ನೊರೆ ನಮಗಿಂತ ಚೆನ್ನಾಗಿ ಎಬ್ಬಿಸುತ್ತಾರಂತೆ.

ಭವತು ಸಬ್ಬ ಮಂಗಲಂ. ಜೈಭೀಮ್.