ವಿದ್ಯಾಲಯದ ಮೂರು ಕಾಲಗಳು

ವಿದ್ಯಾಲಯವು ಯಾರ ಸೊತ್ತು? ಕಟ್ಟಿ ಕಾಲವಾದ ಹಿರಿಯರದೆ, ಇಂದು ಓದುವ ಹುಡುಗರದೆ, ಮುಂದೆ ಬರತಕ್ಕವರದೆ? ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯನ್ನು ಯೇಸುಸಭೆಯ ಪಾದ್ರಿಗಳು 1880ರಲ್ಲಿ ಬಾಲಕರಿಗಾಗಿ ಸ್ಥಾಪಿಸಿದರು. ಅದರ ಪ್ರಾರ್ಥನಾಮಂದಿರದ ಭಿತ್ತಿಗಳಲ್ಲಿ ಇಟಲಿಯ ಆಂಟೋನಿಯೋ ಮೊಸ್ಕೇನಿಯು ಬರೆದ ಚಿತ್ರಗಳು ಶತಮಾನ ಕಳೆದರೂ ಉಳಿದಿವೆ. ಅವುಗಳನ್ನು ಕಾಪಾಡುವುದು ಧರ್ಮವೇ ಸರಿ. ಆದರೆ ಪದ್ಧತಿಗಳನ್ನೆಲ್ಲ ಹಾಗೆಯೇ ಕಾಪಾಡಹೊರಟರೆ ಜೀವಂತ ಬಾಲಕನೂ ಗೋಡೆಯ ಚಿತ್ರವಾಗುವನು. ಭವಿಷ್ಯವನ್ನೇ ನೆಚ್ಚಿದವರಿಗಾದರೋ ಅವನು ನಾಳಿನ ಸಂಬಳಗಾರನು ಮಾತ್ರ. ಇಂದಿನ ಅವನ ಅಳಲು ಅವರಿಗೆ ಕಾಣದು.

ಹಾಗಾದರೆ ಸಮತೂಕವೆಲ್ಲಿ? ಉತ್ತರವು ಸಂಸ್ಥೆಯ ಹೆಸರಿನಲ್ಲಿಯೇ ಇದೆ. ಗೊನ್ಜಾಗಾ ಮನೆತನದ ಹಿರಿಯ ಮಗನಾದ ಅಲೋಶಿಯಸನು ಪಿತ್ರಾರ್ಜಿತವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಯನ್ನು ಸೇರಿದನು; ರೋಮಿನಲ್ಲಿ ರೋಗಿಗಳ ಶುಶ್ರೂಷೆಗೆ ನಿಂತು ಅದೇ ರೋಗದಿಂದ 1591ರಲ್ಲಿ, 23ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆಸ್ತಿಯನ್ನು ತೊರೆದವನ ಹೆಸರನ್ನು ಆಸ್ತಿಯಂತೆ ಕಾಯುವುದು ಅಸಂಗತವಲ್ಲವೆ? ತನ್ನ ಮುಂದಿನ ಏಳಿಗೆಗಿಂತ ಕಣ್ಣೆದುರಿಗೆ ಬಿದ್ದವನೇ ಅವನಿಗೆ ಮುಖ್ಯನಾದನು. ಪಾಠದಲ್ಲಿ ಹಿಂದುಳಿದ ಪಕ್ಕದ ಹುಡುಗನ ಕೈಹಿಡಿದವನು ಹಿರಿಯರ ಋಣವನ್ನು ತೀರಿಸಿದನು. ಮುಂದಿನವರು ಸ್ಮರಿಸತಕ್ಕ ಭೂತಕಾಲವನ್ನೂ ಒದಗಿಸಿದನು. ಇಂದಿನ ಕರ್ತವ್ಯವೇ ನಾಳಿನವರ ಪರಂಪರೆಯು.