ಆವಿಗೆಯ ಮುಂದೆ ಶರಣಾಗತಿ

ಮನುಷ್ಯನ ಕೈಯಲ್ಲಿರುವುದು ಎಷ್ಟು, ಕೈಮೀರಿದ್ದು ಎಷ್ಟು ಎಂಬ ಹಳೆಯ ಪ್ರಶ್ನೆಯನ್ನು ಕುಂಬಾರಿಕೆ ನೇರವಾಗಿ ಎತ್ತುತ್ತದೆ. ತಿಗರಿಯ ಮೇಲೆ ಮಣ್ಣು ಬೆರಳಿನ ಮಾತು ಕೇಳುತ್ತದೆ. ಆವಿಗೆಯೊಳಗಿನ ಬೆಂಕಿ ಯಾರ ಮಾತನ್ನೂ ಕೇಳುವುದಿಲ್ಲ.

ಜಪಾನಿನ ಬಿಜೆನ್ ಕುಂಬಾರರು ಕೈಮೀರಿದ ಈ ಪಾಲನ್ನೇ ಕಲೆಯಾಗಿಸಿದ್ದಾರೆ. ಅವರು ಪಾತ್ರೆಗೆ ಮೆರುಗು ಹಚ್ಚುವುದಿಲ್ಲ. ದಿನಗಟ್ಟಲೆ ಉರಿಯುವ ಪೈನ್ ಸೌದೆಯ ಬೂದಿ ಹಾರಿ, ಪಾತ್ರೆಯ ಹೆಗಲ ಮೇಲೆ ಕರಗಿ ತಾನೇ ಮೆರುಗಾಗುತ್ತದೆ. ಸುತ್ತಿದ್ದ ಭತ್ತದ ಹುಲ್ಲು ಸುಟ್ಟ ಕಡೆ ಕೆಂಪು ಗೆರೆ ಮೂಡುತ್ತದೆ. ಈ ಪರಂಪರೆಗೆ ಮರುಜೀವ ಕೊಟ್ಟ ಕಾನೆಶಿಗೆ ತೋಯೊ (1896–1967) ಅವರಿಗೆ 1956ರಲ್ಲಿ ‘ಜೀವಂತ ರಾಷ್ಟ್ರೀಯ ನಿಧಿ’ ಎಂಬ ಮನ್ನಣೆ ಸಿಕ್ಕಿತು. ಹೆಸರಿಲ್ಲದ ಕುಶಲಕರ್ಮಿಗಳ ಪಾತ್ರೆಗಳ ಚೆಲುವನ್ನು ಚಿಂತಕ ಯಾನಗಿ ಸೋಎತ್ಸು ಶುದ್ಧಭೂಮಿ ಬೌದ್ಧಪಂಥದ ‘ಪರಬಲ’ ತತ್ತ್ವದಿಂದ ವಿವರಿಸಿದರು. ಮುಕ್ತಿ ಸ್ವಂತ ಬಲದಿಂದಲ್ಲ, ಅಮಿತಾಭ ಬುದ್ಧನ ಕರುಣೆಯಿಂದ ಎನ್ನುತ್ತದೆ ಆ ಪಂಥ. ಚೆಲುವೂ ‘ನಾನು ಮಾಡಿದೆ’ ಎಂಬ ಭಾವ ಕಳಚಿದಲ್ಲೇ ಒಲಿಯುತ್ತದೆ ಎಂಬುದು ಯಾನಗಿಯವರ ನಿಲುವು.

ಹಾಗಾದರೆ ಕೈಯ ಹೊಣೆ ಏನು? ಸಂತ ಜ್ಞಾನೇಶ್ವರರ ಸಮಕಾಲೀನರೆನ್ನುವ ತೇರ್ ಊರಿನ ಗೋರಾ ಕುಂಬಾರರ ಕಥೆ ವಿಠ್ಠಲಭಕ್ತರಾದ ವಾರಕರಿಗಳಲ್ಲಿ ಮನೆಮಾತು. 1974ರ ‘ಭಕ್ತ ಕುಂಬಾರ’ ಚಿತ್ರದಿಂದ ಕನ್ನಡಿಗರಿಗೂ ಚಿರಪರಿಚಿತ. ವಿಠ್ಠಲನ ಧ್ಯಾನದಲ್ಲಿ ಮೈಮರೆತು ಮಣ್ಣು ತುಳಿಯುತ್ತಿದ್ದಾಗ ಅವರ ಮಗುವೇ ಕಾಲಡಿಗೆ ಸಿಕ್ಕಿತು. ಕೊನೆಗೆ ದೇವರು ಮಗುವನ್ನು ಮರಳಿಸುತ್ತಾನೆ, ನಿಜ. ಆದರೂ ಕೆಲಸದ ಮೇಲಿನ ಗಮನವನ್ನು ಕಿತ್ತುಕೊಳ್ಳುವ ಭಕ್ತಿಗೆ ತೆರಬೇಕಾದ ಬೆಲೆ ಎಂಥದೆಂಬುದನ್ನು ಆ ತಾಯಿಯ ಗೋಳು ಹೇಳುತ್ತದೆ.

ಶರಣ ಕುಂಬಾರ ಗುಂಡಯ್ಯನ ದಾರಿ ಬೇರೆ. ಮಡಕೆಯ ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ಹದವಾಗಿ ತಟ್ಟುವುದು ಕುಂಬಾರನ ನಿತ್ಯದ ಕೆಲಸ; ಒಂದು ಪೆಟ್ಟು ಹೆಚ್ಚಾದರೂ ಗೋಡೆ ಹರಿಯುತ್ತದೆ. ಭಾಲ್ಕಿಯ ಗುಂಡಯ್ಯ ಮಡಕೆ ಬಾರಿಸುವ ಸದ್ದಿಗೆ ಶಿವನೇ ಇಳಿದು ಬಂದು ಕುಣಿದನೆಂದು ಹರಿಹರ ಕವಿಯ ರಗಳೆ ಸಾರುತ್ತದೆ. ಇಲ್ಲಿ ಪೂಜೆಗೆಂದು ಕಾಯಕ ನಿಲ್ಲಬೇಕಿಲ್ಲ, ದೇವರಿಗೆಂದು ಕೈ ಮೈಮರೆಯಬೇಕಿಲ್ಲ.

ಶರಣಾಗತಿಯೆಂದರೆ ಕೈಚೆಲ್ಲುವುದಲ್ಲ. ಬಿಜೆನ್ ಕುಂಬಾರನೂ ಜ್ವಾಲೆ ಎತ್ತ ಹರಿದೀತು, ಬೂದಿ ಎಲ್ಲಿ ಬಿದ್ದೀತು ಎಂದು ಲೆಕ್ಕ ಹಾಕಿಯೇ ಒಂದೊಂದು ಪಾತ್ರೆಯನ್ನೂ ಆವಿಗೆಯಲ್ಲಿ ಜೋಡಿಸುತ್ತಾನೆ. ತನ್ನ ಪಾಲಿನ ಎಚ್ಚರವನ್ನು ಪೂರ್ತಿ ಸಲ್ಲಿಸಿದವನಿಗೆ ಮಾತ್ರ ಉಳಿದದ್ದನ್ನು ಬೆಂಕಿಗೋ ಬುದ್ಧನಿಗೋ ಶಿವನಿಗೋ ಒಪ್ಪಿಸುವ ಅಧಿಕಾರವಿದೆ.