ಕೊಳೆ ಎಲ್ಲಿಗೆ ಹೋಗುತ್ತದೆ?

ಮಂಟೇಸ್ವಾಮಿ ಕಲ್ಯಾಣಕ್ಕೆ ಹೋದಾಗ ಮಡಿ ಉಟ್ಟುಕೊಂಡು ಹೋಗಲಿಲ್ಲ. ನಮ್ಮ ಸೀಮೆಯಲ್ಲಿ ನೀಲಗಾರರು ತಂಬೂರಿ ಮೀಟುತ್ತ ಬೆಳಗಿನವರೆಗೂ ಹಾಡುವ ಕತೆಯಲ್ಲಿ ಆತ ಮೈಯೆಲ್ಲ ನಾರುತ್ತ, ನೊಣ ಮುತ್ತಿಸಿಕೊಂಡು ಬಸವಣ್ಣನ ಬಾಗಿಲಿಗೆ ಬರುತ್ತಾನೆ. ಅಲ್ಲಿದ್ದ ಶರಣರು ಮೂಗು ಮುಚ್ಚಿಕೊಳ್ಳುತ್ತಾರೆ. ಮಂಟೇಸ್ವಾಮಿಯ ಶಿಷ್ಯನಾದ ಚಿಕ್ಕಲ್ಲೂರಿನ ಸಿದ್ಧಪ್ಪಾಜಿಗೆ ನಡೆದುಕೊಳ್ಳುವ ಮನೆ ನಮ್ಮದು. ಧನಗೆರೆಯ ನಮ್ಮ ಬೀದಿಯಲ್ಲಿ ತೂಕಡಿಸುತ್ತ ಈ ಕತೆ ಕೇಳಿ ಬೆಳೆದವನು ನಾನು. ಕಲ್ಯಾಣದಲ್ಲಿ 1,96,000 ಜಂಗಮರಿದ್ದರೆಂದು ಹೇಳುತ್ತಾರೆ. ಅಷ್ಟೂ ಜನ ಶುಭ್ರವಾಗಿದ್ದರೆ ಅವರ ಬಟ್ಟೆ ಒಗೆಯುತ್ತಿದ್ದವರು ಯಾರು ಎಂಬುದು ಆಗ ಹೊಳೆದಿರಲಿಲ್ಲ. 1993ರಲ್ಲಿ ಬಿ.ಎ. ಓದಲು ಮೈಸೂರಿಗೆ ಹೋಗಿ, ಹಾಸ್ಟೆಲಿನ ಹಿತ್ತಲಲ್ಲಿ ಒಗೆಯುವ ಕಲ್ಲಿನ ಮುಂದೆ ನಿಂತಾಗ ಹೊಳೆಯಿತು.

ಒಗೆಯುತ್ತಿದ್ದವನು ಮಡಿವಾಳ ಮಾಚಿದೇವ. ಈಗಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯವನು, ಕಲಿದೇವರದೇವ ಎಂಬ ಅಂಕಿತದ ವಚನಕಾರ. ಅವನ ಬಗ್ಗೆ ಇರುವ ಕತೆಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಅವನ ಷರತ್ತು. ಶರಣರ ಬಟ್ಟೆಯಾದರೆ ಮಾತ್ರ ಒಗೆಯುತ್ತಿದ್ದ, ಒಗೆದ ಗಂಟನ್ನು ಭವಿಗಳು ಮುಟ್ಟಿದರೆ ಸುಮ್ಮನೆ ಬಿಡುತ್ತಿರಲಿಲ್ಲ. ಕಾಯಕದ ಬಗ್ಗೆ ಭಾಷಣ ಮಾಡುವವರು ಅವನ ದುಡಿಮೆಯನ್ನು ಹೊಗಳುತ್ತಾರೆ, ಈ ಷರತ್ತನ್ನು ಬಿಟ್ಟುಬಿಡುತ್ತಾರೆ. ನನಗೆ ಅದು ಸರಿಕಾಣುವುದಿಲ್ಲ. ಒಲ್ಲೆ ಎನ್ನುವ ಹಕ್ಕು ಇರುವವನು ಒಗೆದರೆ ಭಕ್ತಿ ಎನ್ನಬಹುದು. ಆ ಹಕ್ಕಿಲ್ಲದವನು ಒಗೆದರೆ ಅದಕ್ಕೆ ಏನು ಹೆಸರು?

ನಮ್ಮ ಸೀಮೆಯ ಹಳ್ಳಿಗಳಲ್ಲಿ ಮಡಿವಾಳರ ಮನೆಗೆ ಸುಗ್ಗಿಯಲ್ಲಿ ಆಯದ ಕಾಳು ಹೋಗುತ್ತಿತ್ತು. ಅದಕ್ಕೆ ಬದಲಾಗಿ ಹೆರಿಗೆಯ ಬಟ್ಟೆ, ಮುಟ್ಟಿನ ಬಟ್ಟೆ, ಸೂತಕದ ಬಟ್ಟೆ ಅವರ ಮನೆಗೆ ಬರುತ್ತಿತ್ತು. ಹಬ್ಬದ ದಿನ ದೇವರು ಬೀದಿಯಲ್ಲಿ ಬರುವಾಗ ಕೆಳಗೆ ನಡೆಮಡಿ ಹಾಸುವವರೂ ಅವರೇ. ಊರಿನ ಮೈಲಿಗೆಯನ್ನೆಲ್ಲ ಮುಟ್ಟಿದ ಕೈ ಹಾಸಿದ ಬಟ್ಟೆಯ ಮೇಲೆ ದೇವರು ನಡೆಯಬಹುದು, ಆದರೆ ಆ ಕೈಯವನು ಗರ್ಭಗುಡಿಯ ಹೊಸ್ತಿಲು ದಾಟುವಂತಿಲ್ಲ. ಇದರೊಳಗಿನ ತರ್ಕ ಹುಡುಕಲು ಹೋದವರು ಸೋತಿದ್ದಾರೆ. ತರ್ಕ ಇರುವುದು ಬೇರೆ ಕಡೆ. ಸೋಪಿನ ಕೆಲಸವನ್ನು ನೋಡಿ: ಅದರ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ, ಎರಡೂ ಸೇರಿ ಕೊಳೆಯನ್ನು ಬಟ್ಟೆಯಿಂದ ನೀರಿಗೆ ಎಳೆದುಕೊಂಡು ಹೋಗುತ್ತವೆ. ಕೊಳೆ ಇಲ್ಲವಾಗುವುದಿಲ್ಲ, ಜಾಗ ಬದಲಿಸುತ್ತದೆ. ಮೈಲಿಗೆಯೂ ಹಾಗೆಯೇ. ಅದನ್ನು ಒಬ್ಬರ ಮೇಲಿಂದ ತೆಗೆಯಬೇಕಾದರೆ ಇನ್ನೊಬ್ಬರ ಮೇಲೆ ಇಡಬೇಕು. ಇಡಲು ಒಂದು ಕುಲವನ್ನೇ ಗೊತ್ತು ಮಾಡಿಟ್ಟರು.

ಹಲವು ಊರುಗಳಲ್ಲಿ ಆ ಕುಲದವರು ನಮ್ಮಂಥ ದಲಿತರ ಕೇರಿಯ ಬಟ್ಟೆ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಮೇಲಿನ ಬೀದಿಯವರು ಬಟ್ಟೆ ಹಾಕುವುದನ್ನೇ ನಿಲ್ಲಿಸುತ್ತಿದ್ದರು. ಅವರ ಮೇಲೆ ಸಿಟ್ಟಿದ್ದ ನನಗೆ ಈ ಇಕ್ಕಟ್ಟನ್ನು ತಿಳಿಸಿದ್ದು ಗಾಂಧಿಯ ಆತ್ಮಕಥೆ. ಪ್ರಿಟೋರಿಯಾದಲ್ಲಿ ಒಬ್ಬ ಬಿಳಿಯ ಕ್ಷೌರಿಕ ಗಾಂಧಿಗೆ ಕೂದಲು ಕತ್ತರಿಸಲು ಒಪ್ಪಲಿಲ್ಲ. ಕರಿಯರಿಗೆ ಕ್ಷೌರ ಮಾಡಿದರೆ ಅವನ ಗಿರಾಕಿಗಳು ಹೋಗುತ್ತಿದ್ದರು, ನಮ್ಮವರೂ ಅಸ್ಪೃಶ್ಯರಿಗೆ ಕ್ಷೌರ ಮಾಡಲು ಬಿಡುವುದಿಲ್ಲವಲ್ಲ ಎಂದು ಗಾಂಧಿ ಅವನನ್ನು ಕ್ಷಮಿಸಿಬಿಡುತ್ತಾರೆ. ಅದೇ ಅಧ್ಯಾಯದಲ್ಲಿ ಬಟ್ಟೆ ಒಗೆಯುವ ಪುಸ್ತಕ ಕೊಂಡು ಓದಿ, ಕಾಲರಿಗೆ ಗಂಜಿ ಜಾಸ್ತಿ ಹಾಕಿಕೊಂಡು, ಗಂಜಿ ಉದುರಿಸುತ್ತ ಕೋರ್ಟಿಗೆ ಹೋಗಿ ವಕೀಲರಿಂದ ನಗಿಸಿಕೊಂಡ ಪ್ರಸಂಗವೂ ಇದೆ.

ಹಾಗಾದರೆ ನಮ್ಮ ಕೇರಿಯವರು ಮೈಲಿಗೆಯನ್ನು ಯಾರ ಮೇಲೂ ಇಡಲಿಲ್ಲ, ನಾವು ಸ್ವಾವಲಂಬಿಗಳು ಎಂದು ಎದೆಯುಬ್ಬಿಸಿ ಹಾಸ್ಟೆಲಿಗೆ ಹೋಗಬೇಕಿತ್ತು. ಅಲ್ಲಿ ನೋಡಿದರೆ ಮೇಲಿನ ಬೀದಿಯ ಹುಡುಗರಷ್ಟೇ ನನಗೂ ಒಗೆಯಲು ಬರುತ್ತಿರಲಿಲ್ಲ. ಊರಿನಲ್ಲಿ ಅವ್ವ ಒಗೆಯುತ್ತಿದ್ದಳು. ಅಪ್ಪನದು, ನಮ್ಮದು, ಅಜ್ಜಿ ಮಲಗಿದ ಮೇಲೆ ಅಜ್ಜಿಯದು. ಕೂಲಿಯಿಂದ ಬಂದ ಮೇಲೆ ಗಂಟು ಕಟ್ಟಿ ನೀರಿದ್ದ ಕಡೆ ಹೊತ್ತೊಯ್ಯುತ್ತಿದ್ದಳು. ನಮ್ಮ ಮನೆಯೊಳಗೂ ಒಂದು ಊರಿತ್ತು, ಆ ಊರಿನಲ್ಲಿ ನಾನು ಮೇಲಿನ ಬೀದಿಯವನಾಗಿದ್ದೆ. ಜಾತಿ ನಿಂತ ಕಡೆಯೂ ಈ ಏರ್ಪಾಡು ನಿಲ್ಲುವುದಿಲ್ಲ. ಆಯದ ಕಾಳೂ ಇಲ್ಲದೆ, ನಡೆಮಡಿಯ ಮರ್ಯಾದೆಯೂ ಇಲ್ಲದೆ ಪ್ರತಿ ಮನೆಗೊಬ್ಬಳನ್ನು ಅದು ನೇಮಿಸಿಕೊಂಡಿರುತ್ತದೆ. ದಸರೆ ರಜೆಗೆ ಊರಿಗೆ ಬಂದಾಗ ನಾನೇ ಒಗೆದ ಅಂಗಿಯನ್ನು ಅವ್ವನಿಗೆ ತೋರಿಸಿದೆ. ಬಿಸಿಲಿಗೆ ಹಿಡಿದು ನೋಡಿ, "ಕಾಲರ್ ಉಜ್ಜಿದ್ದೀಯ ಕನ್ಲಾ, ಕಂಕುಳು ಬುಟ್ಬುಟ್ಟಿದ್ದೀಯ" ಎಂದಳು. ಹೊಗಳಿಕೆ ಇಲ್ಲ, ಕಣ್ಣೀರೂ ಇಲ್ಲ. ಕಸುಬಿನವರು ಹೊಸಬರಿಗೆ ಹೇಳುವ ಹಾಗೆ ಹೇಳಿದಳು.

ನನಗೆ ಒಗೆಯುವುದನ್ನು ಕಲಿಸಿದವನು ರೂಮಿನ ಗೆಳೆಯ, ಹನೂರಿನ ಕಡೆಯ ಮಡಿವಾಳರ ಹುಡುಗ. ಅವನು ಕಲ್ಲನ್ನು ಮುಟ್ಟುತ್ತಿರಲಿಲ್ಲ. ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಬಾಯಲ್ಲೇ ಹೇಳುತ್ತಿದ್ದ: ನೆನೆಸೋದು ಜಾಸ್ತಿ, ಉಜ್ಜೋದು ಕಮ್ಮಿ. ಬೋರ್‌ವೆಲ್ ನೀರಿಗೆ ಬಾರ್ ಸೋಪು ನೊರೆ ಬರಲ್ಲ, ನಲ್ಲಿ ನೀರು ಬರೋ ಹೊತ್ತಿಗೆ ಎದ್ದೇಳು. ನೀಲಿ ಕೊನೇ ನೀರಿಗೆ. ಬಣ್ಣದ್ದನ್ನು ಒಳಮೈ ಹೊರಗೆ ಮಾಡಿ ನೆರಳಲ್ಲಿ ಹಾಕು. ಅವನ ತಾತ ಚೌಳು ಮಣ್ಣು ಹಾಕಿ ಉಬ್ಬೆ ಬೇಯಿಸುತ್ತಿದ್ದುದನ್ನು, ಯಾರ ಮನೆಯ ಬಟ್ಟೆ ಯಾವುದೆಂದು ಗುರುತಿಗೆ ಕಾಡುಗೇರಿನ ರಸದಿಂದ ಚುಕ್ಕೆ ಇಡುತ್ತಿದ್ದುದನ್ನು ಚಂದವಾಗಿ ಹೇಳುತ್ತಿದ್ದ. ಹೇಳಿ ಮುಗಿಸಿ ತನ್ನ ಬಟ್ಟೆಯನ್ನು ಹಾಸ್ಟೆಲಿಗೆ ಬರುವ ಧೋಬಿಗೆ ಹಾಕುತ್ತಿದ್ದ. ಸ್ಕಾಲರ್‌ಶಿಪ್ಪಿನ ಕಾಸು ಅದಕ್ಕೇ ಹೋಗುತ್ತಿತ್ತು.

ಒಂದು ದಿನ ಗಾಂಧಿಯ ಕಾಲರ್ ಪ್ರಸಂಗ ಹೇಳಿ, ನೀನ್ಯಾಕೆ ಒಗೆಯಲ್ಲ ಎಂದು ಕೇಳಿದೆ. "ನೀನು ಒಗೆದ್ರೆ ಸ್ವಾವಲಂಬನೆ ಕನಪ್ಪ. ನಾನು ಒಗೆದ್ರೆ ಜಾತಿ" ಎಂದ. ಗಾಂಧಿಯ ಗಂಜಿ ಉದುರಿದ್ದಕ್ಕೆ ವಕೀಲರು ನಕ್ಕರು, ಚೆನ್ನಾಗಿ ಒಗೆದಿದ್ದರೆ ಅವರನ್ನು ಯಾರಾದರೂ ಅಗಸ ಎನ್ನುತ್ತಿದ್ದರಾ, ಈ ಕಲ್ಲಿನ ಮೇಲೆ ನಾನು ಒಂದು ಬಟ್ಟೆ ಬಡಿದರೆ ನಾಳೆ ಮೇಲಿನ ರೂಮಿನವರ ಬಕೆಟ್ಟೆಲ್ಲ ನನ್ನ ಬಾಗಿಲಿಗೆ ಬರುತ್ತೆ ಎಂದ. ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ತನ್ನ ಕೊಳೆ ತಾನೇ ತೊಳೆಯಬೇಕು ಎಂಬ ಮಾತು ನಿಜವೇ. ಆದರೆ ಅದು ಎಲ್ಲರ ಬಾಯಲ್ಲೂ ಒಂದೇ ಮಾತಾಗಿ ಉಳಿಯುವುದಿಲ್ಲ. ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಿದಾಗ ಹೊರುತ್ತಿದ್ದವರಿಗೆ ಕಾಯಕದ ಪಾಠ ಹೇಳಲಿಲ್ಲ, ಹೊರೆ ಇಳಿಸಿದರು. ಮೊದಲು ಆಗಬೇಕಾದ್ದು ಅದು. ಒಲ್ಲೆ ಎಂದು ಕೂತ ನನ್ನ ಗೆಳೆಯ ತನ್ನ ಪಾಲಿನ ಮಾಚಿದೇವನೇ ಆಗಿದ್ದ.

ಧೋಬಿಗೂ ಒಂದು ಷರತ್ತಿತ್ತು: ಅಂಗಿ, ಪ್ಯಾಂಟು, ಬೆಡ್‌ಶೀಟು ಸರಿ, ಚಡ್ಡಿ ಬನಿಯನ್ ಮುಟ್ಟಲ್ಲ. ಅವು ಮಾತ್ರ ಗೆಳೆಯನ ಮಂಚದಡಿ ಉಳಿಯುತ್ತಿದ್ದವು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾತ್‌ರೂಮಿನ ಚಿಲಕ ಹಾಕಿಕೊಂಡು ಒಗೆಯುತ್ತಿದ್ದ. ಎರಡನೇ ವರ್ಷ ಸ್ಕಾಲರ್‌ಶಿಪ್ ಬರುವುದು ತಡವಾಗಿ ಅವನ ಕೈ ಬರಿದಾದಾಗ, ನಿನ್ನ ಅಂಗಿಗಳನ್ನೂ ನಾನೇ ಒಗೆಯುತ್ತೇನೆ ಎಂದೆ. ಬಹಳ ಹೊತ್ತು ಯೋಚಿಸಿ, ಕೂಲಿ ಎಷ್ಟು ಎಂದ. ನಾಲ್ಕು ಅಂಗಿಗೆ ಒಂದು ಸಿನಿಮಾ ಎಂದೆ. ಜಾಸ್ತಿಯಾಯಿತು, ಆರಕ್ಕೆ ಒಂದು ಎಂದು ಚೌಕಾಸಿಗಿಳಿದ. ಐದಕ್ಕೆ ಒಪ್ಪಿದೆವು. ಮುಂದಿನ ಭಾನುವಾರ ಅವನ ಬಕೆಟ್ಟಿನಲ್ಲಿ ಅಂಗಿಗಳ ಕೆಳಗೆ ಎರಡು ಚಡ್ಡಿ, ಒಂದು ಬನಿಯನ್ ಸೇರಿಕೊಂಡಿದ್ದವು. ಎತ್ತಿ ಕಟ್ಟೆಯ ಮೇಲೆ ಅವನ ಪಕ್ಕದಲ್ಲೇ ಇಟ್ಟೆ.